ಪತ್ರಾವಳಿ ಓದುತ್ತಿದ್ದ ಚಿಗವ್ವ

ಹೋದ ತಿಂಗಳು ಮೊಮ್ಮಗಳ ಮಗುವಿನ ನಾಮಕರಣಕ್ಕೆ ಊಟದ ಎಲೆ ತಂದಿದ್ದರು. ಬಾಳೆಎಲೆಯಲ್ಲ, ಮುತ್ತುಗದ ಒಣ ಎಲೆ ಹೊಲಿದು ಮಾಡಿದ ಪತ್ರಾವಳಿ. ಕಟ್ಟು ಬಿಚ್ಚಿ ನೀರು ಚಿಮುಕಿಸಿದ ಕೂಡಲೇ ಒಂದು ವಾಸನೆ ಎದ್ದಿತು... ಒಣಹುಲ್ಲಿನಂಥದು, ಸ್ವಲ್ಪ ಮಣ್ಣಿನಂಥದು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ನಾನು ಒಂದೆಲೆ ಕೇಳಿ ಪಡೆದು ಮೂಗಿನ ಹತ್ತಿರ ಹಿಡಿದೆ. ಅಜ್ಜಿಗೆ ಹಸಿವಾಗಿದೆ ಎಂದು ಯಾರೋ ನಕ್ಕರು. ಹಸಿವಲ್ಲ. ಶಿಕಾರಿಪುರದ ನಮ್ಮ ಓಣಿಯ ಪಕ್ಕದ ಮನೆಯ ಚಿಗವ್ವ ನೆನಪಾಗಿದ್ದಳು.

ಅವಳು ನಮಗೆ ನಿಜವಾದ ಚಿಕ್ಕಮ್ಮನೇನೂ ಅಲ್ಲ. ಓಣಿಗೆಲ್ಲ ಅವಳು ಚಿಗವ್ವ. ಗಂಡ ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬ, ಆನವಟ್ಟಿಗೆ ಓಡುತ್ತಿದ್ದ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ. ಮಕ್ಕಳಿರಲಿಲ್ಲ. ಇವಳು ಮನೆಯಲ್ಲಿ ಪತ್ರಾವಳಿ ಹೊಲಿದು ಮದುವೆ ಮನೆಗಳಿಗೆ ಕೊಡುತ್ತಿದ್ದಳು. ಕಟ್ಟು ಹೊತ್ತು ಸೊರಬದವರೆಗೂ ಹೋಗುವಳು, ಹೋದಲ್ಲಿ ಅಡಿಗೆಯವರ ಜೊತೆ ಕೂತು ತರಕಾರಿ ಹೆಚ್ಚಿಕೊಡುವಳು, ಬರುವಾಗ ಆ ಸೀಮೆಯ ಸುದ್ದಿಯನ್ನೆಲ್ಲ ಹೊತ್ತು ತರುವಳು.

ಆ ಸುದ್ದಿಯನ್ನು ಅವಳು ಹೇಳುತ್ತಿದ್ದ ರೀತಿಯೇ ಬೇರೆ. ಮಧ್ಯಾಹ್ನದ ಊಟ ಮುಗಿದು ಗಂಡಸರು ಅಂಗಡಿ, ಕಚೇರಿ ಎಂದು ಹೊರಟ ಮೇಲೆ ಓಣಿಯ ಹೆಂಗಸರು ನಮ್ಮ ಹಿತ್ತಿಲಲ್ಲಿ ಸೇರುತ್ತಿದ್ದರು. ಯಾರದೋ ಕೈಯಲ್ಲಿ ಅಕ್ಕಿಯ ಮೊರ, ಯಾರದೋ ಮಡಿಲಲ್ಲಿ ಮಗು. ಚಿಗವ್ವ ಗಂಡನ ಖಾಕಿ ಕೋಟನ್ನು ಸೀರೆಯ ಮೇಲೆ ಹಾಕಿಕೊಂಡು, ಒಲೆಯ ಮಸಿಯಿಂದ ಮೀಸೆ ಬರೆದುಕೊಂಡು, ದೊಡ್ಡ ಪತ್ರಾವಳಿಯೊಂದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಬರುತ್ತಿದ್ದಳು. ಅದೇ ಅವಳ ಪೇಪರ್. ಓದು ಬರಹ ಬಾರದವಳು, ಗಂಟಲು ಸರಿಮಾಡಿಕೊಂಡು ಶುರುಮಾಡುವಳು: "ಇವತ್ತಿನ ವಾರ್ತೆ. ಓದಾಕಿ ನಾನು, ಕೇಳೋರು ನೀವು. ನಗೋರು ಹಲ್ಲು ತಿಕ್ಕಿರಬೇಕು."

ಅಮಲ್ದಾರರ ಜೀಪು ಕೆಟ್ಟು ನಿಂತಾಗ ಅರ್ಜಿ ಕೊಡಲು ಬಂದವರೇ ಅದನ್ನು ನೂಕಿದ್ದು, ನೂಕುತ್ತ ನೂಕುತ್ತ ಒಳಗೆ ಕೂತವರಿಗೆ ತಮ್ಮ ಅಹವಾಲು ಹೇಳಿಕೊಂಡದ್ದು, ಜೀಪು ಹತ್ತಿಕೊಂಡ ಕೂಡಲೇ ಅರ್ಜಿಯನ್ನು ರಸ್ತೆಗೆ ಬಿಟ್ಟು ಸಾಹೇಬರು ಹೊರಟುಹೋದದ್ದು... ಜೀಪೂ ಅವಳೇ, ಸಾಹೇಬರೂ ಅವಳೇ. ಸಕ್ಕರೆ ಇಲ್ಲ ಎಂದು ಮುಂಬಾಗಿಲಲ್ಲಿ ಕೈ ಮುಗಿದ ಅಂಗಡಿಯವನು ಹಿಂಬಾಗಿಲಲ್ಲಿ ಸಕ್ಕರೆ ಅಳೆದದ್ದನ್ನು ಅವಳು ಆಡಿ ತೋರಿಸಿದ ಮೇಲೆ ನಮ್ಮ ಓಣಿಯವರೆಲ್ಲ ಹಿಂಬಾಗಿಲಿಗೇ ಹೋದರು. ಅಂಬ್ಲಿಗೊಳದ ಕಡೆ ಅಣೆಕಟ್ಟಿಗೆ ಜಾಗ ಅಳೆಯಲು ಸರ್ವೆಯವರು ಬಂದು ಮುದುಕಿಯೊಬ್ಬಳ ಬದನೆ ಮಡಿಯಲ್ಲಿ ಕೆಂಪು ಬಾವುಟ ನೆಟ್ಟ ವಾರ್ತೆ ಓದಿದಾಗ ಎಲ್ಲರೂ ನಕ್ಕರು. ಆ ಕಡೆ ತವರಿದ್ದ ಒಬ್ಬಳು ಮಾತ್ರ ನಗದೆ, "ಯಾವ ಕಡಿ ಬದಿಗೆ ನೆಟ್ಟಾರ ಚಿಗವ್ವಾ, ಮೂಡಲಕ್ಕೋ ಪಡುವಲಕ್ಕೋ?" ಎಂದು ಕೇಳಿದಳು. ಚಿಗವ್ವ ಮೀಸೆ ಒರೆಸಿಕೊಂಡು ಅವಳ ಪಕ್ಕ ಕೂತು ನಿಧಾನವಾಗಿ ಎಲ್ಲ ಹೇಳಿದಳು.

ಅಪ್ಪನ ಬಟ್ಟೆ ಅಂಗಡಿಗೆ ಅಚ್ಚಿನ ಪೇಪರ್ ಒಂದು ದಿನ ತಡವಾಗಿ ಬಸ್ಸಿನಲ್ಲಿ ಬರುತ್ತಿತ್ತು. ನಾನು ಓದಬಲ್ಲವಳಾಗಿದ್ದೆ, ಸಿಕ್ಕಾಗ ಓದುತ್ತಿದ್ದೆ. ಅದರಲ್ಲಿ ದಿಲ್ಲಿಯೂ ಬೆಂಗಳೂರೂ ಇರುತ್ತಿದ್ದವು, ನಾವು ಇರುತ್ತಿರಲಿಲ್ಲ. ಹೆಂಗಸರು ನಂಬುತ್ತಿದ್ದದ್ದು ಚಿಗವ್ವನನ್ನು. ಅದಕ್ಕೆ ಕಾರಣವಿತ್ತು. ಎರಡು ಬಾಯಿಂದ ಕೇಳದ ಸುದ್ದಿಯನ್ನು ಅವಳು ಪೇಪರಿಗೆ ಹಾಕುತ್ತಿರಲಿಲ್ಲ. ಒಮ್ಮೆ ಮಾತ್ರ ತಪ್ಪಿದಳು. ಆಸ್ಪತ್ರೆಯ ಸೂಲಗಿತ್ತಿಗೆ ವರ್ಗವಾಯಿತೆಂದು ಓದಿಬಿಟ್ಟಳು, ಆಗಿರಲಿಲ್ಲ. ಮರುದಿನ ಪತ್ರಾವಳಿಯನ್ನು ತಲೆಯ ಮೇಲೆ ಕವುಚಿಕೊಂಡು, ಎರಡೂ ಕಿವಿ ಹಿಡಿದು, ಆ ಸೂಲಗಿತ್ತಿಯನ್ನೇ ಕರೆತಂದು ಅವಳೆದುರು ಬಸ್ಕಿ ಹೊಡೆದಳು. ಸೂಲಗಿತ್ತಿಯೇ ನಗು ತಡೆಯಲಾರದೆ ಕೈ ಹಿಡಿದು ನಿಲ್ಲಿಸಿದಳು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದೆ. ಅದೇ ಹೊತ್ತಿಗೆ ನನ್ನ ತಂಗಿಗೆ ಸೊರಬದಿಂದ ಒಂದು ಸಂಬಂಧ ಕೂಡಿಬಂತು. ಜಮೀನುದಾರರ ಮನೆ, ಹುಡುಗ ಹಿರಿಯ ಮಗ. ಎರಡನೆಯ ಸಂಬಂಧ. ಮೊದಲ ಹೆಂಡತಿ ಹಿಂದಿನ ವರ್ಷ ಬಾವಿಯಲ್ಲಿ ತೀರಿಕೊಂಡಿದ್ದಳು. ಮಳೆಗಾಲ, ಬಾವಿಕಟ್ಟೆಗೆ ಪಾಚಿ, ನೀರು ಸೇದುವಾಗ ಕಾಲು ಜಾರಿತು... ಸಂಬಂಧ ತಂದವರು ಹೇಳಿದ್ದು ಇಷ್ಟು. ಅಪ್ಪ ಮರುಗಿದರು, ಆಮೇಲೆ ಒಪ್ಪಿದರು. ತಂಗಿಗೆ ಆಗ ಹದಿನೆಂಟೋ ಏನೋ. ಅವಳನ್ನು ಯಾರೂ ಕೇಳಲಿಲ್ಲ, ಆ ಕಾಲದಲ್ಲಿ ಕೇಳುತ್ತಿರಲಿಲ್ಲ.

ಈ ಸುದ್ದಿ ಓಣಿಯಲ್ಲಿ ಹಬ್ಬಿದ ಮೇಲೆ ಚಿಗವ್ವ ನಮ್ಮ ಹಿತ್ತಿಲಿಗೆ ಬರುವುದನ್ನು ಕಡಿಮೆ ಮಾಡಿದಳು. ಬಂದರೂ ವಾರ್ತೆಯಲ್ಲಿ ಉಪ್ಪಿರಲಿಲ್ಲ. ಒಂದು ದಿನ ನನಗೆ ಎಣ್ಣೆ ಹಚ್ಚಲು ಬಂದವಳು, ಬಾಗಿಲು ಮುಂದಕ್ಕೆಳೆದು ಮೆಲ್ಲಗೆ ಹೇಳಿದಳು:

"ಆ ಮನಿ ಬಾವಿಕಟ್ಟಿ ಎದಿಮಟ ಐತಂತವ್ವಾ. ಸೊರಬದಾಗ ಒಬ್ಬಾಕಿ ಅಡಿಗ್ಯಾಕಿ ಹೇಳಿದ್ಲು. ಎದಿಮಟದ ಕಟ್ಟಿ ದಾಟಿ ಕಾಲು ಹೆಂಗ ಜಾರತೈತಿ?"

ಹೊಟ್ಟೆಯೊಳಗಿನ ಕೂಸು ಒದ್ದಿತು. ಅಥವಾ ನನಗೆ ಹಾಗನ್ನಿಸಿತು. "ಅವ್ವಗ ಹೇಳು," ಎಂದೆ.

"ಒಂದ ಬಾಯಿ," ಎಂದಳು ಚಿಗವ್ವ. "ಆ ಅಡಿಗ್ಯಾಕಿಗೂ ಆ ಮನಿಯವರಿಗೂ ಮೊದಲಿಂದ ಜಗಳ. ನಾಳೆ ಇದು ಸುಳ್ಳಾತು ಅಂದ್ರ ನಿನ್ನ ತಂಗಿ ಹೆಸರಿಗೆ ಕೆಟ್ಟದು. ಇನ್ನೊಂದು ಬಾಯಿ ಬೇಕು ನನಗ."

ಆ ಇನ್ನೊಂದು ಬಾಯಿಗಾಗಿ ಅವಳು ಎಲೆಯ ಕಟ್ಟು ಹೊತ್ತು ಮತ್ತೆ ಸೊರಬಕ್ಕೆ ಹೋದಳು. ಆ ಮನೆಯ ಹೆಸರೆತ್ತಿದರೆ ಸಾಕು, ಮಾತಾಡುತ್ತಿದ್ದವರು ಸೌದೆ ಸರಿಮಾಡಲು ಬಗ್ಗುತ್ತಿದ್ದರಂತೆ. ಗಂಡನಿಗೂ ಹೇಳಿದ್ದಳು, ಬಸ್ಸಿನಲ್ಲಿ ಯಾರಾದರೂ ಏನಾದರೂ ಆಡಿದರೆ ಕೇಳಿಸಿಕೊಂಡು ಬಾ ಎಂದು. ಏನೂ ಸಿಗಲಿಲ್ಲ. ಇತ್ತ ಅಪ್ಪ ಮದುವೆಗೆ ದಿನ ನೋಡಿಸುತ್ತಿದ್ದರು. ನನಗೆ ಅನ್ನ ಸೇರುತ್ತಿರಲಿಲ್ಲ, ಅವ್ವ ಅದು ಬಸುರಿಯ ಸಂಕಟವೆಂದುಕೊಂಡಳು.

ಹುಡುಗಿಗೆ ಹೂ ಮುಡಿಸಲು ಆ ಮನೆಯ ಹೆಂಗಸರು ಬಂದರು. ಗಂಡಿನ ತಾಯಿ, ಅವರ ಜೊತೆ ಕಿರಿಯ ಸೊಸೆ, ಅಂದರೆ ಗಂಡಿನ ತಮ್ಮನ ಹೆಂಡತಿ. ಆನವಟ್ಟಿ ಕಡೆಯ ಹುಡುಗಿ, ನನಗಿಂತ ಚಿಕ್ಕವಳು. ಬಂದಾಗಿನಿಂದ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಅಷ್ಟೇ. ನನ್ನ ತಂಗಿಯ ಮುಖವನ್ನು ಅವಳು ಒಮ್ಮೆಯೂ ನೇರ ನೋಡಲಿಲ್ಲ. ತಟ್ಟೆಯಲ್ಲಿ ಸೀರೆ, ಹೂ, ಅರಿಶಿನ ಕುಂಕುಮ ಇಟ್ಟುಕೊಂಡು ಎಲ್ಲರೂ ಹಿತ್ತಿಲ ಕಡೆಯ ಪಡಸಾಲೆಯಲ್ಲಿ ಕೂತೆವು. ಒಳ್ಳೆಯ ಗಳಿಗೆ ಬರಲು ಇನ್ನೂ ಹೊತ್ತಿತ್ತು. ಓಣಿಯ ಹೆಂಗಸರೆಲ್ಲ ಬಂದಿದ್ದರು. ಬೀಗಿತಿಯನ್ನು ಸಂತೋಷಪಡಿಸಲು ಅವ್ವ ಚಿಗವ್ವನನ್ನು ಕರೆಸಿದಳು.

"ಇವತ್ತು ಪೇಪರಿಗೆ ರಜಾ," ಎಂದಳು ಚಿಗವ್ವ ಬಾಗಿಲಲ್ಲೇ ನಿಂತು.

ಗಂಡಿನ ತಾಯಿ ನಕ್ಕರು. ಮಾತಿನಲ್ಲಿ ಗೆಲುವಿನ ಹೆಂಗಸು. "ರಜಾ ಎಂತಕ್ಕೆ ಮಾರಾಯ್ತಿ? ನಿನ್ನ ಪೇಪರಿನ ಹೆಸರು ನಮ್ಮ ಸೊರಬದ ತನಕ ಬಂದದೆ. ನಮ್ಮೂರಿನ ಸುದ್ದಿ ಒಂದಾದ್ರೂ ಓದು, ಕೇಳಾಣ."

ಚಿಗವ್ವ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅವಳು ಹೋಗಿ ಕೋಟು ಹಾಕಿಕೊಂಡು ಬಂದಳು. ಮೀಸೆ ಬರೆದುಕೊಂಡಿರಲಿಲ್ಲ.

ಮೊದಲು ಜೀಪಿನ ವಾರ್ತೆ ಓದಿದಳು. ಹಳೆಯದು, ಆದರೂ ಬೀಗಿತಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಮೇಲೆ ಸಕ್ಕರೆಯ ವಾರ್ತೆ. "ಸೊರಬದ್ದು ಎಲ್ಲಿ?" ಎಂದು ಅವರು ಮತ್ತೆ ಕೇಳಿದರು. ಚಿಗವ್ವ ಪತ್ರಾವಳಿಯನ್ನು ಮಗುಚಿ ಹಿಡಿದಳು.

"ಸೊರಬದ್ದು ವಾರ್ತೆ ಇಲ್ರಿ. ಜಾಹೀರಾತು ಐತಿ," ಎಂದಳು. ಧ್ವನಿ ಸಂತೆಯಲ್ಲಿ ಸಾರುವವನ ಧ್ವನಿಯಾಯಿತು. "ಕೇಳ್ರಪ್ಪೋ ಕೇಳ್ರಿ! ಮಾರಾಟಕ್ಕೈತಿ ಒಂದು ಬಾವಿ. ನೀರು ಸಿಹಿ. ಹಗ್ಗ ಗಟ್ಟಿ. ರಾಟಿ ಹೊಸಾದು."

ಹೆಂಗಸರು ನಕ್ಕರು.

"ಕಟ್ಟಿ ಎದಿಮಟ. ಕೂಸು ಬೀಳಂಗಿಲ್ಲ, ಕುರಿ ಬೀಳಂಗಿಲ್ಲ, ಕುಡುಕ ಬೀಳಂಗಿಲ್ಲ..."

ಇನ್ನೂ ನಕ್ಕರು. ಚಿಗವ್ವ ನಗುತ್ತಿರಲಿಲ್ಲ. ಎಲೆಯ ಅಂಚಿನ ಮೇಲಿಂದ ಅವಳು ನೋಡುತ್ತಿದ್ದದ್ದು ಬೀಗಿತಿಯನ್ನಲ್ಲ, ಕಿರಿಯ ಸೊಸೆಯನ್ನು.

"ಸೊಸಿ ಒಬ್ಬಾಕಿ ಮಾತ್ರ ಬೀಳತಾಳ."

ನಗು ಒಮ್ಮೆಗೇ ನಿಲ್ಲಲಿಲ್ಲ. ಅರ್ಥವಾದವರು ಮೊದಲು ನಿಲ್ಲಿಸಿದರು, ಅರ್ಥವಾಗದವರು ಪಕ್ಕದವರ ಮುಖ ನೋಡಿ ನಿಲ್ಲಿಸಿದರು. ಕೊನೆಗೆ ಒಂದು ಮಗು ಮಾತ್ರ ನಗುತ್ತಿತ್ತು, ಅದರ ತಾಯಿ ಅದರ ಬಾಯಿ ಮುಚ್ಚಿದಳು.

ಗಂಡಿನ ತಾಯಿಯ ಮುಖ ಬಣ್ಣಗೆಟ್ಟಿತು. ಆದರೆ ಮಾತು ತಪ್ಪಲಿಲ್ಲ. "ಕಟ್ಟೆ ಎತ್ತರ ಇದ್ರೆ ಎಂತ ಆತು? ಮಳೆಗಾಲದಲ್ಲಿ ಕಲ್ಲಿನ ಮೇಲೆಲ್ಲ ಪಾಚಿ. ಬಗ್ಗಿ ಸೇದುವಾಗ ಜಾರ್ತದೆ. ದುಃಖ ಆದ ಮನೆ ವಿಷಯ ಇಟ್ಕೊಂಡು ಕೋಡಂಗಿ ಆಟ ಆಡ್ತಾರನ?"

ಆಗ ಕಿರಿಯ ಸೊಸೆ ಸೆರಗಿನಿಂದ ಬೆರಳು ಬಿಡಿಸಿಕೊಂಡಳು. ಜೋರಾಗಿ ಹೇಳಲಿಲ್ಲ. ಮನೆಯಲ್ಲಿ ಉಪ್ಪು ಮುಗಿದಿದೆ ಎಂದು ನೆನಪಿಸುವಂತೆ ಹೇಳಿದಳು.

"ಬ್ಯಾಸಿಗಿ ಆಗಿತ್ತಲ್ರಿ ಅತ್ತಿ."

ಬೇಸಿಗೆಯಲ್ಲಿ ಪಾಚಿ ಎಲ್ಲಿಯದು ಎಂದು ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಚಿಗವ್ವ ಪತ್ರಾವಳಿಯನ್ನು ನಿಧಾನವಾಗಿ ಕೆಳಗಿಳಿಸಿದಳು. ಗಂಡಿನ ತಾಯಿ ಎದ್ದರು. ಸೀರೆ ಹೂವಿನ ತಟ್ಟೆಯನ್ನು ತಾವೇ ಎತ್ತಿಕೊಂಡರು. ಇನ್ನೊಂದು ಕೈಯಿಂದ ಸೊಸೆಯ ರಟ್ಟೆ ಹಿಡಿದರು. ಹಾಗೆ ಹಿಡಿದದ್ದನ್ನು ನೋಡಿ ನನ್ನ ತಂಗಿ ಅಳಲು ಶುರುಮಾಡಿದಳು. ಅವರ ಗಾಡಿ ಓಣಿ ದಾಟುವವರೆಗೂ ಆ ಹುಡುಗಿ ತಿರುಗಿ ನೋಡಲಿಲ್ಲ.

ಅಪ್ಪ ಅಂಗಡಿಯಿಂದ ಓಡಿ ಬಂದರು. ಅವರು ಚಿಗವ್ವನ ಮೇಲೆ ಕೂಗಾಡಿದ ಹಾಗೆ ಯಾರ ಮೇಲೂ ಕೂಗಾಡಿದ್ದನ್ನು ನಾನು ಕಂಡಿರಲಿಲ್ಲ. "ಹೆಂಗಸರು ಕುಂತು ನಗೋ ಆಟಕ್ಕ ನನ್ನ ಮಗಳ ಮದುವಿ ಮುರೀಬೇಕೇನು? ಪೊಲೀಸರು ಬಂದು ಬರಕೊಂಡು ಹೋಗ್ಯಾರ ಜಾರಿ ಬಿದ್ಲು ಅಂತ. ಅವರಿಗಿಂತ ಹೆಚ್ಚೇನು ಈ ಎಲಿ?"

ಚಿಗವ್ವ ಎದುರಾಡಲಿಲ್ಲ. ಅಪ್ಪನ ಮಾತಿಗೆ ಎಂದೂ ಎದುರಾಡದ ನಮ್ಮವ್ವ ಆಡಿದಳು. "ಪೊಲೀಸರ ಪೇಪರು ನಾ ಕಂಡಿಲ್ಲರೀ. ಈಕಿ ಪೇಪರು ಕಂಡೀನಿ. ನಾ ಹುಡುಗೀನ ಕೊಡಂಗಿಲ್ಲ."

ಮರುದಿನ ಬೆಳಗಿನ ಬಸ್ಸಿಗೆ ಅಪ್ಪ ಯಾರಿಗೂ ಹೇಳದೆ ಸೊರಬಕ್ಕೆ ಹೊರಟರು. ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಚಿಗವ್ವ ಕೂತಿದ್ದಳಂತೆ. ಅವಳ ಗಂಡ ಇಬ್ಬರಿಗೂ ಟಿಕೆಟು ಹರಿದ. ಸೊರಬದಲ್ಲಿ ಅಪ್ಪ ಇಳಿದರು, ಅವಳು ಮುಂದಕ್ಕೆ ಹೋದಳು.

ಅಪ್ಪ ಸಂಜೆ ಬಂದರು. ಅಂಗಿ ಬಿಚ್ಚಲಿಲ್ಲ. ಅವ್ವ ಕೊಟ್ಟ ನೀರು ಕುಡಿದು ಚೊಂಬನ್ನು ಕೈಯಲ್ಲೇ ಹಿಡಿದು ಕೂತರು. ಆಮೇಲೆ ಹೇಳಿದರು: "ನೆಂಟಸ್ತನದ ಮಾತಾಡಾಕ ಬಂದೀನಿ ಅಂದೆ. ಕಾಲು ತೊಳಕೊಂತೀನಿ ಅಂತ ಬಾವಿ ಕಡಿ ಹೋದೆ." ತಮ್ಮ ಎದೆಯ ಮೇಲೆ ಕೈ ಅಡ್ಡ ಇಟ್ಟು ತೋರಿಸಿದರು. "ಇಲ್ಲೀತನಕ ಐತಿ." ಒಳಗೆ ಹೋಗಿ, ಅತ್ತು ಅತ್ತು ಮಲಗಿದ್ದ ತಂಗಿಯ ತಲೆಯ ಹತ್ತಿರ ಬಹಳ ಹೊತ್ತು ಕೂತಿದ್ದರು.

ಚಿಗವ್ವ ಅಂದು ಬರಲಿಲ್ಲ. ಅವಳು ಹೋದದ್ದು ಆನವಟ್ಟಿಗೆ, ಆ ಕಿರಿಯ ಸೊಸೆಯ ತವರು ಹುಡುಕಿಕೊಂಡು. ನನ್ನ ತಂಗಿ ಉಳಿದಳು, ಬಾಯಿಬಿಟ್ಟವಳ ಗತಿಯೇನು ಎಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ, ಚಿಗವ್ವನಿಗೆ ಹೊಳೆದಿತ್ತು. ತವರಿನವರು ಮೊದಲು ನಂಬಲಿಲ್ಲವಂತೆ. ದೊಡ್ಡ ಮನೆ, ಹಾಗೆಲ್ಲ ಮಾಡುವವರಲ್ಲ ಎಂದರಂತೆ. ಕೋಟಿಲ್ಲದೆ, ಮೀಸೆಯಿಲ್ಲದೆ, ಒಂದು ನಗೆಮಾತೂ ಆಡದೆ ಚಿಗವ್ವ ಅವರ ಜಗಲಿಯ ಮೇಲೆ ಕೂತೇ ಇದ್ದಳಂತೆ. ಕೊನೆಗೆ ಆ ಹುಡುಗಿಯ ಅಣ್ಣ, ತಾಯಿಗೆ ಹುಷಾರಿಲ್ಲ ಎಂಬ ನೆಪ ಮಾಡಿ ಗಾಡಿ ಕಟ್ಟಿಕೊಂಡು ಸೊರಬಕ್ಕೆ ಹೋದ. ತಂಗಿಯನ್ನು ಕರೆತಂದ. ಅವಳ ಎಡಗೈ ಊದಿಕೊಂಡಿತ್ತು ಎಂದಷ್ಟೇ ಚಿಗವ್ವ ಹೇಳಿದಳು, ಹೆಚ್ಚು ಕೇಳಲು ಬಿಡಲಿಲ್ಲ.

ಆಮೇಲಿನ ದಿನಗಳು ಕೆಟ್ಟವು. ಗುರುತಿಲ್ಲದ ಇಬ್ಬರು ಗಂಡಸರು ಓಣಿಗೆ ಬಂದು, "ಎಲೆ ಮಾರಾಕಿ ಮನಿ ಯಾವುದು?" ಎಂದು ಕೇಳಿ, ಅವಳ ಮನೆಯೆದುರು ಬೀಡಿ ಸೇದುತ್ತ ನಿಂತು ಹೋದರು. ಮತ್ತೆ ಬಂದರು. ಸೊರಬದ ಆ ಮನೆಯವರಿಗೂ ಬಸ್ಸಿನ ಮಾಲೀಕರಿಗೂ ಬಳಕೆಯಿತ್ತು. ಏನೋ ನೆಪ ತೆಗೆದು ಅವಳ ಗಂಡನನ್ನು ಕೆಲಸದಿಂದ ಬಿಡಿಸಿದರು. ಮದುವೆ ಮನೆಗಳಿಂದ ಎಲೆ ಕೇಳಿ ಬರುವವರೂ ಕಡಿಮೆಯಾದರು. ಓಣಿಯ ಗಂಡಸರು ತಮ್ಮ ಹೆಂಗಸರಿಗೆ ಅವಳ ಮನೆಯ ಕಡೆ ಹೋಗಬೇಡಿ ಎಂದರು. ಅಪ್ಪ ಮಾತ್ರ ಅನ್ನಲಿಲ್ಲ.

ಹೆಂಗಸರು ಆಯಿತು ಎಂದರು. ಮಧ್ಯಾಹ್ನ ಗಂಡಸರು ಹೊರಟ ಕೂಡಲೇ ಒಬ್ಬೊಬ್ಬರಾಗಿ ಮೊರ, ಈಳಿಗೆಮಣೆ, ಮಗು ಎತ್ತಿಕೊಂಡು ಚಿಗವ್ವನ ಜಗಲಿಗೇ ಹೋಗಿ ಕೂತರು. ದಿನಾ ಕೂತರು. ಬೀಡಿ ಸೇದುವವರು ಬಂದರೂ ಏಳಲಿಲ್ಲ. ಅಕ್ಕಿ ಆರಿಸುತ್ತ ಅವರನ್ನೇ ನೋಡುತ್ತ ಕೂತರು. ನಾನು ತುಂಬಿದ ಬಸುರಿ, ಗೋಡೆಗೊರಗಿ ಕೂತಿರುತ್ತಿದ್ದೆ. ಆ ದಿನಗಳಲ್ಲಿ ಯಾರೂ ನಗುತ್ತಿರಲಿಲ್ಲ, ಚಿಗವ್ವ ವಾರ್ತೆ ಓದುತ್ತಿರಲಿಲ್ಲ. ಒಬ್ಬಳು ಕೇಳಿದ್ದಕ್ಕೆ, "ಸುದ್ದಿ ನಾನ ಆಗೀನಿ, ಇನ್ನೇನು ಓದಲಿ?" ಎಂದಳು.

ಗಂಡನಿಗೆ ಬೇರೆ ಕೆಲಸ ಸಿಗಲಿಲ್ಲ. ಹಾವೇರಿ ಕಡೆ ಅವನ ಅಣ್ಣನಿದ್ದ. ಅಲ್ಲಿಗೆ ಹೊರಟರು. ನಾನು ಆಗ ಬಾಣಂತಿಕೋಣೆಯಲ್ಲಿದ್ದೆ. ಹೊರಡುವ ಬೆಳಿಗ್ಗೆ ಚಿಗವ್ವ ಬಾಗಿಲ ಹೊರಗೇ ನಿಂತು ಕೂಸಿನ ಮುಖ ನೋಡಿದಳು. "ಹೋಗಿ ಬರ್ತೀನವ್ವಾ," ಎಂದಳು.

"ಅಲ್ಲೂ ಪೇಪರ್ ಓದ್ತಿಯೇನು?" ಎಂದು ಕೇಳಿದೆ. ಅಳು ಬರದಿರಲಿ ಎಂದು ಏನೋ ಕೇಳಬೇಕಿತ್ತು.

"ಅಲ್ಲಿ ಯಾರ ಗುರ್ತೈತಿ ನನಗ? ಗುರ್ತಿಲ್ಲದೂರಾಗ ನಗಸಬಹುದು. ಸುದ್ದಿ ಹೇಳಾಕ ಬರಂಗಿಲ್ಲ," ಎಂದಳು. ಅವಳ ಹಿಂದೆ ತಂಗಿ ನಿಂತಿದ್ದಳು. ಚಿಗವ್ವ ತಿರುಗಿ ಅವಳ ಕೆನ್ನೆ ಮುಟ್ಟಿ ಹೋದಳು.

ಬಹಳ ವರ್ಷಗಳ ಮೇಲೆ ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ನನ್ನನ್ನೇ ನೋಡುತ್ತ ಹತ್ತಿರ ಬಂದಳು. ಆನವಟ್ಟಿಯ ಆ ಹುಡುಗಿ. ಗಂಡನ ಮನೆಗೆ ಅವಳು ಮತ್ತೆ ಹೋಗಲಿಲ್ಲವಂತೆ. ಹೊಲಿಗೆ ಕಲಿತು ಅಣ್ಣನ ಮನೆಯ ಮುಂಭಾಗದಲ್ಲಿ ಮಿಷನ್ ಹಾಕಿಕೊಂಡಿದ್ದಳು. ಬಸ್ಸಿಗೆ ಹೊತ್ತಾಗಿತ್ತು, ಆದರೂ ಅವಳು ಮೊದಲು ಕೇಳಿದ್ದು ಅದನ್ನೇ: "ಆ ಪೇಪರ್ ಓದೋ ಅವ್ವಾರು ಎಲ್ಲದಾರ?"

ಗೊತ್ತಿಲ್ಲ ಎಂದೆ.

"ನಮ್ಮ ನೆಗೆಣ್ಣಿ ಅಕ್ಕ ಜಾರಿದ್ದಲ್ಲ. ಅಷ್ಟು ನನಗ ಗೊತ್ತು. ಮುಂದಿಂದು ನಾ ಕಣ್ಣಾರೆ ಕಂಡಿಲ್ಲ, ಕಾಣದ್ದು ಹೇಳಂಗಿಲ್ಲ," ಎಂದಳು. "ಪೊಲೀಸ್ನೋರು ಬಂದಾಗ ಗಂಡಸರನ್ನ ಕೇಳಿದ್ರು, ಆಳನ್ನ ಕೇಳಿದ್ರು. ನಾ ಒಳಗ ನಿಂತಿದ್ದೆ, ನನ್ನ ಯಾರೂ ಕೇಳಲಿಲ್ಲ. ಆ ಅವ್ವಾರೊಬ್ಬರು ನನ್ನ ಮುಖಾ ನೋಡ್ಕೊಂತ ಓದಿದ್ರು. ಅವರಿಗೆ ಅದನ್ನ ಹೇಳಬೇಕಾಗಿತ್ತು..." ಬಸ್ಸು ಬಂತು, ಅವಳು ಹತ್ತಿದಳು.

ಆಮೇಲೆ ಒಮ್ಮೆ ಹಾವೇರಿಗೆ ಹೋದಾಗ ವಿಚಾರಿಸಿದೆ. ಕಂಡಕ್ಟರನ ಅಣ್ಣನ ಮನೆಯಲ್ಲಿ ಬೇರೆ ಯಾರೋ ಇದ್ದರು. ಎಲೆ ಹೊಲಿಯುತ್ತಿದ್ದ ಒಬ್ಬಳು ಇದ್ದಳಂತೆ, ಗಂಡ ತೀರಿಕೊಂಡ ಮೇಲೆ ಎಲ್ಲಿಗೋ ಹೋದಳಂತೆ. ಅವಳು ನಗಿಸುತ್ತಿದ್ದಳೇ ಎಂದು ಕೇಳಿದೆ. ಇಲ್ಲ, ಬಹಳ ಮಾತಿನವಳಲ್ಲ ಎಂದರು.

ತಂಗಿ ಮುಂದೆ ಹೊನ್ನಾಳಿಯ ಮೇಷ್ಟರೊಬ್ಬರನ್ನು ಮದುವೆಯಾದಳು. ಜಗಳವಾಡಿ, ನಕ್ಕು, ಮೂರು ಮಕ್ಕಳನ್ನು ಬೆಳೆಸಿ, ಹಲ್ಲೆಲ್ಲ ಉದುರಿಸಿಕೊಂಡು, ಹೋದ ವರ್ಷ ಹಾಸಿಗೆಯಲ್ಲಿ ನಿದ್ದೆಯಲ್ಲೇ ಹೋದಳು. ಆ ಮಧ್ಯಾಹ್ನ ಪಡಸಾಲೆಯಲ್ಲಿ ಕೂತಿದ್ದವರಲ್ಲಿ ನನಗೆ ಗೊತ್ತಿರುವ ಹಾಗೆ ಉಳಿದವಳು ನಾನೊಬ್ಬಳೇ. ತಂಗಿಯ ಸಾವಿನ ಸುದ್ದಿ ಎಲ್ಲೆಲ್ಲಿಗೋ ಮುಟ್ಟಿತು, ಯಾರ್‍ಯಾರೋ ಬಂದರು. ಚಿಗವ್ವ ಯಾವ ಊರಿನಲ್ಲಿ, ಯಾವಾಗ, ಯಾರ ಮನೆಯಲ್ಲಿ ಕಣ್ಣು ಮುಚ್ಚಿದಳೋ... ನಮಗೆ ಯಾರೂ ಹೇಳಿ ಕಳಿಸಲಿಲ್ಲ.